ಒಂದು ಹೆಬ್ಬೆಟ್ಟಿನ ಸಡಿಲ

ಮೊದಲೇ ಹೇಳಿಬಿಡ್ತೀನಿ. ಈ ಕಥೆಯ ಗುರುಗಳಿಗೆ ಜಟೆ ಇರಲಿಲ್ಲ, ಕೂರೋಕೆ ಹುಲಿ ಚರ್ಮವೂ ಇರಲಿಲ್ಲ. ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು.

ಹೆಸರು ಶಂಭುಲಿಂಗ ಸ್ವಾಮಿ. ಕಾವಿ ಉಡುವ ಮುಂಚೆ ಹತ್ತೊಂಬತ್ತು ವರ್ಷ ಗ್ಯಾರೇಜಿನಲ್ಲಿ ಲಾರಿಗಳ ಕೆಳಗೆ ಮಲಗಿ ಕೆಲಸ ಮಾಡಿದವರು. ಭಕ್ತರು ಎದುರಿಗೆ ಸ್ವಾಮಿಗಳು ಅಂತಿದ್ದರು, ಬೆನ್ನ ಹಿಂದೆ ಸ್ಪ್ಯಾನರ್ ಸ್ವಾಮಿ ಅಂತಿದ್ದರು. ಎರಡೂ ಅವರಿಗೆ ಗೊತ್ತಿತ್ತು. ಎರಡಕ್ಕೂ ಓಗೊಡುತ್ತಿದ್ದರು.

ಹೊಳೆ ದಡದಲ್ಲಿ ಅವರ ಆಶ್ರಮ. ನಾಲ್ಕು ಕೋಣೆ, ಒಂದು ಅಡುಗೆಮನೆ, ಒಂದು ಬೇವಿನ ಮರ. ಮರದ ಕೆಳಗೆ ಒಂದು ಹಳೇ ಜೀಪು. ಹೊಳೆ ದಾಟೋಕೆ, ಕಲ್ಲುದಾರಿ ಹತ್ತೋಕೆ ಸುತ್ತಮುತ್ತ ಅದೊಂದೇ ಗಾಡಿ.

ಅಲ್ಲಿಗೆ ನಾಗಮಲ್ಲ ಬಂದ. ಮೂವತ್ತಾರು ವರ್ಷದ ಆಳು, ಕಂಬದ ಹಾಗಿದ್ದ. ಜೀಪನ್ನು ಮಾತ್ರ ದೂರದಿಂದ ಸುತ್ತಿ ಬಂದ.

"ಸ್ವಾಮೀ, ಭಯ ಹೋಗೋಕೆ ಒಂದು ಮಂತ್ರ ಕೊಡಿ."

"ಎಂಥಾ ಭಯ?"

"ಟೆಂಪೋ ಓಡಿಸ್ತಿದ್ದೆ. ಮೂರು ವರ್ಷದ ಹಿಂದೆ ದಿಬ್ಬ ಹತ್ತುವಾಗ ಗಾಡಿ ಹಿಂದಕ್ಕೆ ಜಾರಿತು. ಚಕ್ರಕ್ಕೆ ಕಲ್ಲು ಕೊಡೋಕೆ ಅಂತ ನಮ್ಮಣ್ಣ ಹಿಂದೆ ಇಳಿದಿದ್ದ."

"ಅಣ್ಣ ಉಳಿದನಾ?"

"ಅಣ್ಣ ಉಳಿದ. ಕಾಲು ಉಳೀಲಿಲ್ಲ."

"ಆಮೇಲೆ ಗಾಡಿ ಮುಟ್ಟಿದೆಯಾ?"

"ಇಲ್ಲ. ಇಂಜಿನ್ ಸದ್ದು ಕೇಳಿದರೆ ಜೀವ ಬಾಯಿಗೆ ಬರುತ್ತೆ."

ಸ್ವಾಮಿ ಒಳಗೆ ಹೋದರು. ಮಂತ್ರ ಬರೆದ ತಾಳೆಗರಿ ತರ್ತಾರೆ ಅಂತ ನಾಗಮಲ್ಲ ಕೈಮುಗಿದು ನಿಂತಿದ್ದ. ಅವರು ಜೀಪಿನ ಕೀ ತಂದು ಅವನ ಅಂಗೈಯಲ್ಲಿ ಇಟ್ಟರು. ಹೆದರೋನ ಮೇಲೆ ಹಾವು ಎಸೆದ ಹಾಗಾಯಿತು.

"ಇದು ಬೇಡ ಸ್ವಾಮೀ."

"ಮಂತ್ರ ನನಗೆ ಬರಲ್ಲಪ್ಪಾ. ನನ್ನ ಹತ್ರ ಇರೋದು ಇದೇ."

ಹೀಗೆ ಅವನು ಆಶ್ರಮದ ಡ್ರೈವರಾದ.

ಓಡಿಸಿದ ಅಂತ ಹೇಳಬೇಕು, ಅಷ್ಟೇ. ನಡೆದು ಹೋಗೋರು ಅವನನ್ನು ಹಿಂದೆ ಹಾಕಿ ಹೋಗ್ತಿದ್ದರು. ಅಡುಗೆಯ ಪುಟ್ಟತಾಯಮ್ಮ ಒಂದು ಸಲ ಕೂತವರು, "ನನ್ನ ಒಲೆ ಮೇಲಿನ ಹಾಲು ಇದಕ್ಕಿಂತ ಬೇಗ ಮೇಲೆ ಬರುತ್ತೆ" ಅಂತ ಅರ್ಧ ದಾರೀಲೇ ಇಳಿದು ನಡೆದರು. ನಾಗಮಲ್ಲ ನಗಲಿಲ್ಲ. ಬೆವರಿಗೆ ಅವನ ಬೆನ್ನು ಸೀಟಿಗೆ ಅಂಟಿತ್ತು.

ಒಂದು ದಿನ ಸ್ವಾಮಿ ಪಕ್ಕದಲ್ಲಿ ಕೂತು ಕೇಳಿದರು.

"ನಿನ್ನ ಎಡಗಾಲು ಎಲ್ಲಿದೆ?"

"ಕ್ಲಚ್ ಮೇಲೆ."

"ಗೇರ್ ಬದಲಾಯಿಸಿ ಎಷ್ಟು ಹೊತ್ತಾಯ್ತು. ಇನ್ನೂ ಯಾಕೆ ಅಲ್ಲಿದೆ?"

"ಇರ್ಲಿ ಅಂತ ಸ್ವಾಮೀ. ದಿಢೀರಂತ ಬೇಕಾದರೆ?"

"ಇಂಜಿನ್ನೂ ಚಕ್ರಾನೂ ಕೈ ಕೈ ಹಿಡ್ಕೊಂಡಿರ್ತವೆ. ಪೆಡಲ್ ಒತ್ತಿದರೆ ಬಿಡ್ತವೆ. ಕಾಲು ತೆಗೆದರೆ ಹಿಡ್ಕೊಳ್ತವೆ. ಅರ್ಧ ಒತ್ತಿ ಇಟ್ಟರೆ ಏನಾಗುತ್ತೆ?"

"ಅರ್ಧ ಹಿಡ್ಕೊಳ್ತವೆ."

"ಹಿಡಿಯೋದೂ ಇಲ್ಲ, ಬಿಡೋದೂ ಇಲ್ಲ. ನಡುವೆ ಹಿಡಿಯೋ ಪ್ಲೇಟು ಉಜ್ಜಿ ಉಜ್ಜಿ ಸುಟ್ಟುಹೋಗುತ್ತೆ. ತೆಗಿ ಕಾಲು."

ತೆಗೆದ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಕಾಲು ತಾನಾಗೇ ವಾಪಸ್ ಹೋಗಿ ಕೂತಿತ್ತು.

ಅವನ ಇನ್ನೊಂದು ಕೆಲಸ ಸ್ವಾಮಿಗೆ ಗೊತ್ತಿರಲಿಲ್ಲ.

ಕ್ಲಚ್ ಪೆಡಲ್ ಒತ್ತುವಾಗ ಮೊದಲ ಒಂದು ಹೆಬ್ಬೆಟ್ಟಿನಷ್ಟು ದೂರ ಏನೂ ಆಗಲ್ಲ. ಸುಮ್ಮನೆ ಸಡಿಲ. ಆಮೇಲೆ ಬಿಗಿ ಸಿಗುತ್ತೆ. ಯಾವ ಗಾಡಿಯಲ್ಲೂ ಇರುತ್ತೆ, ಇರಲೇಬೇಕು. ಆದರೆ ಆ ಸಡಿಲದಲ್ಲಿ ಕಾಲು ಇಳಿದಾಗಲೆಲ್ಲ ನಾಗಮಲ್ಲನಿಗೆ ನೆಲವೇ ಕುಸಿದ ಹಾಗೆ ಆಗುತ್ತಿತ್ತು. ಆ ಒಂದು ಹೆಬ್ಬೆಟ್ಟಿನಲ್ಲೇ ನಮ್ಮಣ್ಣನ ಕಾಲು ಹೋಯಿತು ಅಂತ ಅವನಿಗೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಸ್ವಾಮಿ ಮಲಗಿದ್ದಾಗ ಅವನು ಸ್ಪ್ಯಾನರ್ ಹಿಡಿದು ಜೀಪಿನ ಕೆಳಗೆ ನುಗ್ಗಿದ. ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಕಂಬಿಯ ನಟ್ಟನ್ನು ತಿರುಗಿಸಿ ತಿರುಗಿಸಿ ಸಡಿಲವನ್ನೇ ಇಲ್ಲದಂತೆ ಮಾಡಿದ. ಈಗ ಕಾಲು ಸೋಕಿದರೆ ಸಾಕು, ಬಿಗಿ. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ನೆಮ್ಮದಿಯಾಗಿ ನಿದ್ದೆ ಬಂತು.

ಹೆದರಿದೋನು ಬಿಟ್ಟು ಇನ್ಯಾರೂ ಇಂಥ ಕೆಲಸ ಮಾಡಲ್ಲ ನೋಡಿ.

ಎಂಟು ದಿನ ಜೀಪು ಸರಿಯಾಗೇ ಓಡಿತು. ಒಂಬತ್ತನೇ ದಿನ ಆಚೆ ದಡದ ಹಳ್ಳಿಯಲ್ಲಿ ಒಂದು ಹೊಸ ಮನೆಯ ಪೂಜೆ ಇತ್ತು. ಸ್ವಾಮಿ ಹೋಗಿ, ಆಶೀರ್ವಾದ ಮಾಡಿ, ಐದು ಹೋಳಿಗೆ ತಿಂದು, ಹೊತ್ತು ಇಳಿಯುವ ಮುಂಚೆ ಜೀಪು ಹತ್ತಿದರು.

ಅವರ ಮಂಡಿ ಎರಡೂ ಹೋಗಿದ್ದವು. ಗ್ಯಾರೇಜಿನ ಕೊಡುಗೆ. ಸಮ ನೆಲದಲ್ಲಿ ಕೋಲು ಹಿಡಿದು ನಡೆಯುತ್ತಿದ್ದರು. ಕಲ್ಲು ಕೊರಕಲಿನಲ್ಲಿ ಒಂದು ಹೆಜ್ಜೆಯೂ ಆಗುತ್ತಿರಲಿಲ್ಲ.

ಹೊಳೆಯಲ್ಲಿ ಅವತ್ತು ನೀರು ಕಾಲಿನ ಗಿಣ್ಣಿನಷ್ಟು. ಕಲ್ಲಿನ ಹಾಸಿನ ಮೇಲೆ ಜೀಪು ಕುಲುಕುತ್ತಾ ಮುಕ್ಕಾಲು ಭಾಗ ದಾಟಿತು. ಆಮೇಲೆ ನಿಂತುಬಿಟ್ಟಿತು.

ಇಂಜಿನ್ ನಿಂತಿರಲಿಲ್ಲ. ಅದೇ ವಿಚಿತ್ರ. ನಾಗಮಲ್ಲ ಆಕ್ಸಿಲರೇಟರ್ ಒತ್ತಿದ, ಇಂಜಿನ್ ಕಿರುಚಿತು, ಚಕ್ರ ಅಲ್ಲಾಡಲಿಲ್ಲ. ಇನ್ನೂ ಒತ್ತಿದ. ಕೂದಲು ಸುಟ್ಟ ಹಾಗೆ ವಾಸನೆ ಬಂತು.

"ಸ್ವಾಮೀ!"

"ಕೇಳಿಸ್ತಿದೆ. ಕಿರುಚಾಡಿಸಬೇಡ. ಹ್ಯಾಂಡ್ ಬ್ರೇಕ್ ಎಳಿ. ಮೂರನೇ ಗೇರ್ ಹಾಕು. ಈಗ ಕ್ಲಚ್ಚಿನಿಂದ ಕಾಲು ತೆಗಿ."

ತೆಗೆದ.

"ಇಂಜಿನ್ ಸಾಯ್ಬೇಕಿತ್ತು. ಸತ್ತಿತಾ?"

"ಇಲ್ಲ. ಓಡ್ತಾನೇ ಇದೆ."

"ಹಾಗಂದರೇನು?"

"ಕ್ಲಚ್ ಪ್ಲೇಟ್ ಹಿಡೀತಿಲ್ಲ ಸ್ವಾಮೀ. ಜಾರ್ತಿದೆ."

"ಸರಿಯಾಗಿ ಹೇಳಿದೆ. ಬಂದ್ ಮಾಡು."

ಇಂಜಿನ್ ನಿಂತಿತು. ಆಗ ಸೈರನ್ ಕೇಳಿಸಿತು.

ಮೇಲೆ ಐದು ಮೈಲಿ ದೂರದಲ್ಲಿ ಅಣೆಕಟ್ಟು. ಬಾಗಿಲು ತೆಗೆಯುವ ಮುಂಚೆ ಮೂರು ಸಲ ಸೈರನ್ ಕೂಗಿಸುತ್ತಾರೆ. ಮೂರನೇ ಕೂಗು ನಿಂತ ಅರ್ಧ ಗಂಟೆಗೆ ನೀರು ಇಲ್ಲಿರುತ್ತದೆ. ಗಿಣ್ಣಿನಷ್ಟಲ್ಲ, ತಲೆ ಮುಳುಗುವಷ್ಟು. ಹೊಳೆ ದಡದ ಮಕ್ಕಳಿಗೆ ಅ ಆ ಇ ಈ ಗಿಂತ ಮೊದಲು ಇದನ್ನು ಕಲಿಸುತ್ತಾರೆ.

ಒಂದು. ಎರಡು. ಮೂರು.

ನಾಗಮಲ್ಲ ಸ್ವಾಮಿಯ ಕಡೆ ತಿರುಗಿದ.

"ಸ್ವಾಮೀ, ನಿಮ್ಮನ್ನ ಹೊತ್ಕೊಂಡು ಹೋಗ್ತೀನಿ."

"ನಾನು ತೊಂಬತ್ತೆರಡು ಕೆಜಿ ಇದೀನಿ. ಮೇಲೆ ಐದು ಹೋಳಿಗೆ. ಈ ಪಾಚಿ ಕಲ್ಲಿನ ಮೇಲೆ ನಾಲ್ಕು ಹೆಜ್ಜೆಗೇ ಇಬ್ಬರೂ ಮಕಾಡೆ ಬೀಳ್ತೀವಿ."

"ಮತ್ತೇನು ಮಾಡೋದು?"

"ಯೋಚನೆ ಮಾಡೋದು."

ಯೋಚನೆ! ನಾಗಮಲ್ಲನ ತಲೆಯೊಳಗೆ ಆಗಲೇ ನೀರು ನುಗ್ಗಿತ್ತು. ಅವನು ಬಾಗಿಲು ತೆರೆದದ್ದು, ಕೆಳಗೆ ಹಾರಿದ್ದು ಅವನಿಗೇ ಗೊತ್ತಾಗಲಿಲ್ಲ. ಓಡಿದ. ಎಡವಿದ, ಎದ್ದ, ಮತ್ತೆ ಓಡಿದ. ಮುಂದೆ ದಡ ಕಾಣುತ್ತಿತ್ತು, ಬೇವಿನ ಮರ ಕಾಣುತ್ತಿತ್ತು. ಬದುಕಬೇಕು ಅನ್ನೋದು ಬಿಟ್ಟು ಬೇರೆ ಏನೂ ಅವನ ಮನಸ್ಸಿನಲ್ಲಿ ಇರಲಿಲ್ಲ.

ನಡುವೆ ಒಂದು ಕಡೆ ಕಾಲು ನಿಂತಿತು.

ಹಿಂದಿನಿಂದ ಯಾರೂ ಕೂಗುತ್ತಿರಲಿಲ್ಲ. ಅವತ್ತು ದಿಬ್ಬದಲ್ಲಿ ಅಣ್ಣ ಕೂಗಿದ್ದ, ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದ. ಇವತ್ತು ಸ್ವಾಮಿ ಒಂದು ಮಾತೂ ಆಡಲಿಲ್ಲ. ಅದು ಅಣ್ಣನ ಕೂಗಿಗಿಂತ ಜೋರಾಗಿ ಕೇಳಿಸಿತು ಅವನಿಗೆ.

ತಿರುಗಿ ನೋಡಿದ. ಸ್ವಾಮಿ ಸೀಟಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಜಪ ಮಾಡುತ್ತಿದ್ದಾರೆ ಅಂದುಕೊಂಡ.

ಅಯ್ಯೋ ಶಿವನೇ, ನಾನೆಂಥಾ ನಾಯಿ ಅಂತ ಅಳುತ್ತಾ ವಾಪಸ್ ಓಡಿದ.

"ಬಂದೆಯಾ?" ಅಂದರು ಸ್ವಾಮಿ. "ಈಗ ಕ್ಲಚ್ ಪೆಡಲನ್ನ ಕೈಯಲ್ಲಿ ಒತ್ತು. ಸಡಿಲ ಎಷ್ಟಿದೆ ನೋಡಿ ಹೇಳು."

ನಾಗಮಲ್ಲ ನೋಡಬೇಕಾಗಿರಲಿಲ್ಲ.

"ಇಲ್ಲ ಸ್ವಾಮೀ."

"ಒಂದು ಹೆಬ್ಬೆಟ್ಟು ಇತ್ತಲ್ಲ? ನಾನೇ ಇಟ್ಟಿದ್ದೆ. ಎಲ್ಲಿ ಹೋಯ್ತು?"

"ನಾನೇ ಬಿಗಿ ಮಾಡಿದೆ."

"ಯಾಕೆ?"

"ಆ ಸಡಿಲದಲ್ಲಿ ಕಾಲು ಇಳಿದರೆ ಹೆದರಿಕೆ ಆಗ್ತಿತ್ತು."

ಸ್ವಾಮಿ ಕಣ್ಣು ಮುಚ್ಚಿ ತೆಗೆದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಹಾಗಾದರೆ ನೀನು ಕಾಲು ತೆಗೆದಾಗಲೂ ಆ ಕಂಬಿ ಕ್ಲಚ್ಚನ್ನ ಒತ್ತುತ್ತಾನೇ ಇದೆ. ಪ್ಲೇಟ್ ಪೂರ್ತಿ ಕಚ್ಚೋಕೆ ಜಾಗಾನೇ ಇಲ್ಲ. ಅದಕ್ಕೇ ಸುಟ್ಟಿದೆ. ಸ್ಪ್ಯಾನರ್ ತಗೋ, ಕೆಳಗೆ ಹೋಗು. ಬಿಗಿ ಮಾಡಿದ ಕೈಯೇ ಸಡಿಲ ಮಾಡಲಿ."

"ಈಗಲಾ? ನೀರಲ್ಲಾ?"

"ಇನ್ಯಾವಾಗ, ಸಂಕ್ರಾಂತಿಗಾ?"

ನಾಗಮಲ್ಲ ಬೆನ್ನ ಮೇಲೆ ಮಲಗಿ ಜೀಪಿನ ಕೆಳಗೆ ಜರುಗಿದ. ಬೆನ್ನಿನ ಕೆಳಗೆ ಕಲ್ಲು, ನೀರು. ಮೂಗಿನ ಮೇಲೆ ಒಂದು ಗೇಣು ದೂರದಲ್ಲಿ ಬಿಸಿ ಕಬ್ಬಿಣ. ಕತ್ತು ಎತ್ತಿ ಹಿಡಿದು ನಟ್ಟಿಗೆ ಸ್ಪ್ಯಾನರ್ ಹಾಕಿದ. ಸ್ಪ್ಯಾನರ್ ಜಾರಿತು, ಬೆರಳ ಗಿಣ್ಣು ಕಿತ್ತು ರಕ್ತ ಬಂತು.

"ಎರಡು ನಟ್ ಇದಾವೆ," ಮೇಲಿನಿಂದ ಸ್ವಾಮಿಯ ದನಿ. "ಮೊದಲು ಹಿಂದಿನದು. ಅದು ಬಿಟ್ಟರೆ ಮುಂದಿನದು ಬಿಡುತ್ತೆ."

"ಹಿಂದಿನದು ಬಿಡ್ತಿಲ್ಲ!"

"ಬಿಡುತ್ತೆ. ಅವತ್ತು ಎಷ್ಟು ಹೆದರಿ ತಿರುಗಿಸಿದ್ಯೋ ಅಷ್ಟೇ ಶಕ್ತಿ ಹಾಕು."

ಹಾಕಿದ. ಹಲ್ಲು ಕಚ್ಚಿ ಹಾಕಿದ. ನಟ್ ಕಿರ್ ಅಂದು ಬಿಟ್ಟಿತು. ಮುಂದಿನ ನಟ್ಟನ್ನು ಒಂದು ಸುತ್ತು ತಿರುಗಿಸಿದ. ಅಷ್ಟರಲ್ಲಿ ಅವನ ಕಿವಿಗೆ ತಣ್ಣಗೆ ಏನೋ ಮುಟ್ಟಿತು.

ಮಲಗಿದಾಗ ನೀರು ಬೆನ್ನಿಗಿತ್ತು. ಈಗ ಕಿವಿಗೆ ಬಂದಿತ್ತು.

"ನೀರು ಏರ್ತಿದೆ ಸ್ವಾಮೀ!"

"ಕಾಣ್ತಿದೆ. ಇನ್ನೆಷ್ಟು ಸುತ್ತು?"

"ಎರಡು!"

"ಎರಡನ್ನೂ ತಿರುಗಿಸಿ ಬಾ."

ಎದ್ದು ಬಂದುಬಿಡೋಣ ಅಂತ ಮೈಯೆಲ್ಲ ಕೂಗುತ್ತಿತ್ತು. ಒಂದು ಸುತ್ತು. ಕಿವಿ ಮುಳುಗಿ ಲೋಕದ ಸದ್ದೇ ನಿಂತಿತು, ಅವನ ಎದೆ ಡವಡವ ಅನ್ನೋದೊಂದೇ ಕೇಳುತ್ತಿತ್ತು. ಇನ್ನೊಂದು ಸುತ್ತು. ಹಿಂದಿನ ನಟ್ ವಾಪಸ್ ಬಿಗಿದ. ಬಾಯಿಗೆ ಕೆಸರು ನೀರು ಹೋಯಿತು. ಉಗುಳುತ್ತಾ ಹೊರಗೆ ಜರುಗಿ ಬಂದು ಸೀಟಿಗೆ ಹಾರಿದ. ಕೀಗೆ ಕೈ ಹಾಕಿದ.

ಸ್ವಾಮಿ ಅವನ ಕೈ ಹಿಡಿದರು.

"ಬೇಡ. ಪ್ಲೇಟ್ ಇನ್ನೂ ಬಿಸಿ ಇದೆ. ಬಿಸಿಯಲ್ಲಿ ಹಿಡಿಯಲ್ಲ. ಉಳಿದಿರೋದೂ ಸುಟ್ಟರೆ ಇಲ್ಲೇ ಗತಿ. ತಣ್ಣಗಾಗಲಿ."

"ಸ್ವಾಮೀ, ನೀರು ಬರ್ತಿದೆ!"

"ನೂರು ಎಣಿಸೋಣ. ನನ್ನ ಜೊತೆ ಹೇಳು. ಒಂದು."

"ನಿಮಗೆ ಭಯ ಆಗ್ತಿಲ್ವಾ?"

"ಆಗ್ತಿದೆ ಕಣೋ. ಅದಕ್ಕೇ ಎಣಿಸ್ತಿರೋದು. ಭಯ ಆದಾಗ ನಾನು ಕಣ್ಣಿಗೆ ಕಂಡದ್ದನ್ನ ಎಣಿಸ್ತೀನಿ. ಗ್ಯಾರೇಜಿನಿಂದ ಬಂದ ಚಾಳಿ. ಎರಡು."

ನಾಗಮಲ್ಲ ಎಣಿಸಿದ. ಅಷ್ಟು ಉದ್ದದ ನೂರನ್ನು ಅವನು ಬದುಕಿನಲ್ಲಿ ಎಣಿಸಿರಲಿಲ್ಲ. ನಲವತ್ತಕ್ಕೆ ಕಸಕಡ್ಡಿ, ನೊರೆ ತೇಲಿ ಬಂತು. ಅರವತ್ತಕ್ಕೆ ನೀರಿನ ಬಣ್ಣ ಬದಲಾಯಿತು. ಎಂಬತ್ತಕ್ಕೆ ಜೀಪಿನ ಒಳಗೆ, ಸ್ವಾಮಿಯ ಪಾದದ ಹತ್ತಿರ ನೀರು ಇಣುಕಿತು. ದೂರದಲ್ಲಿ, ತಿರುವಿನ ಆಚೆ, ಮೋಡ ಗುಡುಗಿದ ಹಾಗೆ ಒಂದು ಸದ್ದು ಶುರುವಾಯಿತು. ಆಕಾಶ ಸ್ವಚ್ಛವಾಗಿತ್ತು.

"ನೂರು," ಅಂದರು ಸ್ವಾಮಿ. ಅವರ ದನಿಯೂ ಒಡೆದಿತ್ತು. "ಈಗ ಗೇರಿನ ಪಕ್ಕದ ಪುಟ್ಟ ಲಿವರ್ ಎಳಿ. ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಸಿಗಲಿ, ತೀರಾ ಕಮ್ಮಿ ವೇಗ ಬರಲಿ. ಭಾರ ಕಮ್ಮಿ ಬಿದ್ದರೆ ಅರೆಬೆಂದ ಪ್ಲೇಟೂ ಹಿಡಿಯುತ್ತೆ. ಒಂದನೇ ಗೇರ್ ಹಾಕು. ಹ್ಯಾಂಡ್ ಬ್ರೇಕ್ ಬಿಡು. ಹಾಕಿದೆಯಾ?"

"ಹಾಕಿದೆ."

"ಎಡಗಾಲು ಎಲ್ಲಿದೆ?"

ಅದು ಕ್ಲಚ್ ಮೇಲಿತ್ತು.

"ಮಡಿಸು. ಪದ್ಮಾಸನದಲ್ಲಿ ಮಡಿಸ್ತೀಯಲ್ಲ, ಹಾಗೆ. ಅದರ ಮೇಲೆ ಕೂತ್ಕೋ."

"ಕ್ಲಚ್ ಒತ್ತದೇ ಸ್ಟಾರ್ಟ್ ಮಾಡೋದು ಹೇಗೆ?"

"ಗೇರಲ್ಲೇ ಕೀ ತಿರುಗಿಸಿ ಸೆಲ್ಫ್ ಹೊಡಿ. ಜೀಪು ಜಿಗಿದು ಏಳುತ್ತೆ. ಎದ್ದ ಮೇಲೆ ನಿಲ್ಲಿಸಬೇಡ, ಓಡಿಸಲೂ ಬೇಡ. ಎಮ್ಮೆ ಹೋದ ಹಾಗೆ ಹೋಗಲಿ."

ನಾಗಮಲ್ಲ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮಡಿಸಿ ಅದರ ಮೇಲೆ ಕೂತ. ಕೀ ತಿರುಗಿಸಿದ. ಜೀಪು ಒಮ್ಮೆ ಕೊಸರಿತು, ಎರಡು ಸಲ ಕೊಸರಿತು, ಇಂಜಿನ್ ಹಿಡಿಯಿತು. ಚಕ್ರ ಉರುಳಿತು.

ಒಂದು ಕಲ್ಲು ದಾಟಿತು. ಇನ್ನೊಂದು ದಾಟಿತು. ದಡದ ಏರು ಬಂತು. ಜೀಪು ಮೂತಿ ಎತ್ತಿತು.

ಏರಿನ ನಡುವೆ ಇಂಜಿನ್ ಸದ್ದು ಬದಲಾಯಿತು. ಮತ್ತೆ ಅದೇ ಸುಟ್ಟ ವಾಸನೆ. ಜೀಪು ನಿಂತ ಹಾಗೆ ಆಯಿತು. ಹಿಂದೆ ಇಳಿಜಾರು, ಇಳಿಜಾರಿನ ಕೆಳಗೆ ಹೊಳೆ. ಅದೇ ದಿಬ್ಬ, ಅದೇ ಜಾರು. ನಾಗಮಲ್ಲನ ಎಡಗಾಲು ಅವನ ಕೆಳಗೆ ಒದ್ದಾಡಿತು, ಕ್ಲಚ್ ಹುಡುಕಿ ಹೊರಟಿತು.

ಸ್ವಾಮಿ ಅವನ ಮಂಡಿಯ ಮೇಲೆ ಕೈಯಿಟ್ಟು ಒತ್ತಿ ಹಿಡಿದರು.

ಕಾಲು ಅಲ್ಲೇ ಉಳಿಯಿತು. ಜೀಪು ಯೋಚನೆ ಮಾಡಿದ ಹಾಗೆ ಒಂದು ಗಳಿಗೆ ನಿಂತು, ಕಚ್ಚಿಕೊಂಡು, ಒಂದೊಂದೇ ಗೇಣು ಮೇಲಕ್ಕೆ ಹೋಯಿತು. ಬೇವಿನ ಮರದ ನೆರಳಿಗೆ ಬಂದಾಗ ಹಿಂದೆ ಕೆಂಪು ನೀರು ಕಲ್ಲಿನ ಹಾಸನ್ನೆಲ್ಲ ನುಂಗಿಕೊಂಡು ಹೋಗುತ್ತಿತ್ತು. ಒಂದು ಇಡೀ ಮರ ಬೇರು ಸಮೇತ ತೇಲಿ ಹೋಯಿತು.

ಸ್ವಾಮಿಯ ಎಡಗೈ ಇನ್ನೂ ಮುಂದಿನ ಕಬ್ಬಿಣದ ಹಿಡಿಯನ್ನು ಹಿಡಿದೇ ಇತ್ತು. ಪುಟ್ಟತಾಯಮ್ಮ ಓಡಿ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಅಂಗೈ ಕೆಂಪಾಗಿತ್ತು.

ಮಾರನೇ ದಿನದಿಂದ ರಿಪೇರಿ. ಮರದ ಕೆಳಗೆ ಸ್ವಾಮಿ ಕುರ್ಚಿ ಹಾಕಿಕೊಂಡು ಕೂತರು, ಜೀಪಿನ ಕೆಳಗೆ ನಾಗಮಲ್ಲ. ಗೇರ್ ಬಾಕ್ಸ್ ಇಳಿಸೋಕೆ ಎರಡು ದಿನ. ಪ್ಲೇಟ್ ಹೊರಗೆ ಬಂದಾಗ ಸೀದ ರೊಟ್ಟಿಯ ಹಾಗಿತ್ತು, ರಿವೆಟ್ಟುಗಳು ಬಿಳಿ ಹಲ್ಲು ತೋರಿಸುತ್ತಿದ್ದವು. ನಾಗಮಲ್ಲ ಅದನ್ನು ಎತ್ತಿ ಸ್ವಾಮಿಗೆ ತೋರಿಸಿದ.

"ಇದನ್ನ ಏನು ಮಾಡಲಿ ಸ್ವಾಮೀ?"

"ಪುಟ್ಟತಾಯಮ್ಮನ ನೀರಿನ ಕೊಡ ಅಲ್ಲಾಡುತ್ತೆ. ಕೆಳಗೆ ಇಡೋಕೆ ಕೊಡು."

ಪೇಟೆಯಿಂದ ಹೊಸ ಪ್ಲೇಟ್ ಬಂತು. ಉಜ್ಜಿದರು, ಒರೆಸಿದರು, ಕೂರಿಸಿದರು. ಹನ್ನೊಂದನೇ ದಿನ ಉಳಿದದ್ದು ಒಂದೇ ಕೆಲಸ, ಪೆಡಲಿನ ಸಡಿಲ ಇಡೋದು. ನಾಗಮಲ್ಲ ಕಂಬಿಯ ನಟ್ ತಿರುಗಿಸಿ, ಎದ್ದು ಬಂದು, ಪೆಡಲಿಗೆ ಹೆಬ್ಬೆಟ್ಟು ಅಡ್ಡ ಹಿಡಿದು ಅಳೆದ. ಸರಿಯಾಗಿ ಬಂದಿತ್ತು.

ಆದರೆ ಸ್ಪ್ಯಾನರ್ ಒರೆಸಿ ಸ್ವಾಮಿಯ ಕುರ್ಚಿಯ ಹತ್ತಿರ ಇಟ್ಟುಬಿಟ್ಟ. ಹನ್ನೊಂದು ದಿನದಿಂದ ಇಟ್ಟುಕೊಂಡಿದ್ದ ಮಾತನ್ನು ಆಡಿದ.

"ಸ್ವಾಮೀ, ನಾನು ಊರಿಗೆ ಹೋಗ್ತೀನಿ."

"ಯಾಕಪ್ಪಾ?"

"ನಿಮ್ಮ ಶಿಷ್ಯ ಅನ್ನಿಸಿಕೊಳ್ಳೋ ಯೋಗ್ಯತೆ ನನಗಿಲ್ಲ. ಅವತ್ತು ಹೊಳೇಲಿ ನಿಮ್ಮನ್ನ ಸಾಯೋಕೆ ಬಿಟ್ಟು ಓಡಿದೆ. ನನ್ನ ಭಯ ಹೋಗಿಲ್ಲ. ಹೋಗೋದೂ ಇಲ್ಲ."

ಸ್ವಾಮಿ ಕುರ್ಚಿಯಿಂದ ಎದ್ದರು. ಕೋಲೂರಿ ಬಂದು ಜೀಪಿನೊಳಗೆ ಬಗ್ಗಿ ಕ್ಲಚ್ ಪೆಡಲನ್ನು ಒಂದು ಬೆರಳಿನಿಂದ ಒತ್ತಿದರು. ಪೆಡಲು ಒಂದು ಹೆಬ್ಬೆಟ್ಟಿನಷ್ಟು ದೂರ ಸುಮ್ಮನೆ ಇಳಿದು, ಅಲ್ಲಿ ಬಿಗಿಯಾಗಿ ನಿಂತಿತು. ಬೆರಳು ತೆಗೆದರು. ಪೆಡಲು ವಾಪಸ್ ಬಂತು. ಮತ್ತೆ ಒತ್ತಿದರು. ಮತ್ತೆ ವಾಪಸ್ ಬಂತು.

"ಇಪ್ಪತ್ತೇಳು ಹೆಜ್ಜೆ," ಅಂದರು. "ನೀನು ಓಡುವಾಗ ಎಣಿಸ್ತಿದ್ದೆ. ಇಪ್ಪತ್ತೇಳಕ್ಕೆ ತಿರುಗಿ ಬಂದೆ. ಅಷ್ಟು ಸಡಿಲ ಇರಲಿ ಬಿಡು ಕಣಪ್ಪಾ, ಮತ್ತೆ ಬಿಗಿ ಮಾಡೋಕೆ ಹೋಗಬೇಡ."